ಹತ್ತೊಂಬತ್ತರ ಮಗ್ಗಿ

ಮುರಿಗೆಪ್ಪ ತಡವರಿಸಲಿ, ಹತ್ತು ಜನರ ಮುಂದೆ ಅವನ ನಾಲಿಗೆ ಒಣಗಲಿ ಎಂದು ಸಂಗಪ್ಪ ಮನೆದೇವರಿಗೆ ಮೊರೆಯಿಡುತ್ತಿದ್ದ. ಒಳ್ಳೆಯ ಬೇಡಿಕೆಯಲ್ಲ, ಅವನಿಗೂ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಒಳ್ಳೆಯದು ಕೆಟ್ಟದ್ದು ಎಲ್ಲಿ ತಿಳಿಯಬೇಕು?

ಮಾಟುಂಗದ ಕನ್ನಡ ಸಂಘದಲ್ಲಿ ಆ ಭಾನುವಾರ ಮಕ್ಕಳಿಗೆ ಕನ್ನಡ ವರ್ಗ ಶುರುವಾಗುವುದಿತ್ತು. ಕಲಿಸುವವನು ಮುರಿಗೆಪ್ಪ. ಅವನು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಸಂಗಪ್ಪ ಅಲ್ಲೇ ಹಮಾಲ. ಇಬ್ಬರೂ ಬಿಜಾಪುರ ಕಡೆಯ ಒಂದೇ ಹಳ್ಳಿಯವರು, ಓರಗೆಯವರು.

ಊರಿನ ಶಾಲೆಗಿದ್ದುದು ಒಂದೇ ಕೋಣೆ. ನಾಲ್ಕು ಮೂಲೆಗೆ ನಾಲ್ಕು ಇಯತ್ತೆ, ನಡುವೆ ಒಬ್ಬರೇ ಮಾಸ್ತರರು. ಮಕ್ಕಳು ಮಗ್ಗಿ ಕೂಗಿದರೆ ಅರ್ಧ ಊರಿಗೆ ಕೇಳುತ್ತಿತ್ತು. ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಹಾಜರಿ ಪುಸ್ತಕ ನೋಡಿ ‘ಮುರಿಗೆಪ್ಪ’ ಎಂದು ಕರೆದು ಹತ್ತೊಂಬತ್ತರ ಮಗ್ಗಿ ಕೇಳಿದ್ದು, ಒಂದೂ ತಪ್ಪಿಲ್ಲದ ಉತ್ತರಕ್ಕೆ ಹಿತ್ತಾಳೆಯ ಮಸಿಕುಡಿಕೆ ಇನಾಮು ಕೊಟ್ಟದ್ದು, ಈ ಕಥೆ ಮುರಿಗೆಪ್ಪನ ಜೊತೆ ರೈಲು ಹತ್ತಿ ಮುಂಬಯಿಗೂ ಬಂದಿತ್ತು. ಚಾಳಿನಲ್ಲಿ ಅವನು ಅದನ್ನು ಹೇಳದ ಮನೆಯಿರಲಿಲ್ಲ.

ಆ ಕುಡಿಕೆ ಕಂಡರೆ ಸಂಗಪ್ಪನಿಗೆ ಮೈಯೆಲ್ಲ ಉರಿ. ಇಪ್ಪತ್ತೈದು ವರ್ಷವಾದರೂ ಆರಿರಲಿಲ್ಲ.

ಬೆಳಗ್ಗೆ ಮಗಳು ಚಂದ್ರವ್ವ ಸಂಘದ ಕಾಗದ ತಂದಾಗ, “ನೀನ ಓದವಾ, ನನ್ನ ಕಣ್ಣು ಸರಿ ಇಲ್ಲ” ಎಂದಿದ್ದ. ಅದೇ ಕಣ್ಣು ಸ್ಟೇಷನ್ನಿನಲ್ಲಿ ಲೋಕಲ್ ಬರುವುದನ್ನು ಎಲ್ಲರಿಗಿಂತ ಮೊದಲು ಕಂಡಿತು.

ರೈಲಿನಲ್ಲಿ ಮಗಳು ಕೇಳಿದಳು. “ಅಪ್ಪಾ, ನೀನೂ ಅದ ಸಾಲ್ಯಾಗ ಕುಂತಿದ್ದೆಲ್ಲ. ಮತ್ತ ಮುರಿಗೆಪ್ಪ ಕಾಕಾನಂಗ ಯಾಕ ಶಾಣ್ಯಾ ಆಗಲಿಲ್ಲ?”

ಸಂಗಪ್ಪ ಕಿಟಕಿಯಾಚೆ ನೋಡಿದ. ಇವತ್ತು ಮುರಿಗೆಪ್ಪನ ಬಣ್ಣ ಬಯಲು ಮಾಡಿಯೇ ಬಿಡಬೇಕು, ಮಗಳ ಕಣ್ಣಿನಲ್ಲಿ ಅವನು ಇಳಿಯಬೇಕು, ತಾನು ಏರಬೇಕು ಎಂದು ಅಲ್ಲೇ ನಿಶ್ಚಯಿಸಿದ.

ಸಭೆಯಲ್ಲಿ ಮುದುಕ ಶಂಕ್ರೆಪ್ಪ ಎದ್ದು, “ಮಾಸ್ತರ, ಆ ಮಗ್ಗಿ ಒಮ್ಮೆ ಅನ್ರಿ. ಹುಡುಗೂರು ಕೇಳಲಿ” ಎಂದ.

ಮುರಿಗೆಪ್ಪ ನಕ್ಕ. ಶುರು ಮಾಡಿದ. ಐದು ದಾಟಿದ, ಆರು ದಾಟಿದ. ಹತ್ತೊಂಬತ್ತೇಳ್ಲೆ ಎಂದವನು ನಿಂತೇಬಿಟ್ಟ. ಮನೆದೇವರು ಸಂಗಪ್ಪನ ಮಾತು ನಡೆಸಿಕೊಟ್ಟಿದ್ದ.

“ನೂರಾ ಮೂವತ್ಮೂರು.”

ಹಿಂದಿನ ಸಾಲಿನಿಂದ ಸಂಗಪ್ಪನ ಬಾಯಿ ತಾನಾಗಿಯೇ ಆಡಿತ್ತು. ಎಲ್ಲರೂ ತಿರುಗಿದರು. ಮುರಿಗೆಪ್ಪನ ಮುಖ ಬಿಳಿಚಿತು.

“ಅವತ್ತು ಸಂಗಪ್ಪನೂ ಅಲ್ಲೇ ಇದ್ದ,” ಎಂದ ಅವನು, ದನಿ ಇಳಿಸಿ. “ಏನಾತು ಅಂತ ಅವನ್ನ ಕೇಳ್ರಿ.”

ಚಂದ್ರವ್ವ ಅಪ್ಪನ ತೋಳು ಹಿಡಿದಳು. “ಹೌದೇನಪ್ಪಾ? ಕಾಕಾ ಒಂದೂ ತಪ್ಪಲಿಲ್ಲೇನು?”

ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಹೊರಬೀಳುತ್ತಿತ್ತು, ಅದು ಮಗಳ ಕಿವಿಗೆ ಬೀಳುವುದು ಅವನಿಗೆ ಬೇಡವಾಗಿತ್ತು. ಹೊಟ್ಟೆಯ ಉರಿಯನ್ನು ಹೊಟ್ಟೆಗೇ ನುಂಗಿಕೊಂಡ.

“ಮುರಿಗೆಪ್ಪ ಅಂತ ಕರದಾಗ ಎದ್ದು ನಿಂತಾಂವ ಒಂದೂ ತಪ್ಪಲಿಲ್ಲವಾ,” ಎಂದ.

ಚಪ್ಪಾಳೆ ಬಿತ್ತು. ಮುರಿಗೆಪ್ಪ ತಲೆ ಎತ್ತಲಿಲ್ಲ.

ತಪಾಸಣೆಯ ಆ ದಿನ ಮುರಿಗೆಪ್ಪ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಹಾಜರಿ ಕಡಿಮೆ ಬೀಳಬಾರದೆಂದು ಮಾಸ್ತರರು ಗೋಡೆಯಾಚೆ ದನ ಕಾಯುತ್ತಿದ್ದ ಸಂಗಪ್ಪನನ್ನು ಎಳೆತಂದು ಮುರಿಗೆಪ್ಪನ ಹೆಸರಿನಲ್ಲಿ ಕೂರಿಸಿದ್ದರು. ಇನಾಮಿನ ಕುಡಿಕೆಯೂ ಆ ಹೆಸರಿನವನ ಮನೆಗೇ ಹೋಯಿತು. ಸಂಗಪ್ಪ ಶಾಲೆಯ ಒಳಗೆ ಕೂತದ್ದು ಆ ಒಂದೇ ದಿನ.