ಗವರ್ನರನ ಕೋಟು

"ಸಾಕು, ಬಿಚ್ಚು. ಹಬ್ಬ ಮುಗೀತು," ಎಂದು ಆಗಿನ್ನೂ ಬ್ರಿಟಿಷರ ವಸಾಹತಾಗಿದ್ದ ಅಮೆರಿಕದ ಸೇಲಂನ ಹಡಗು ವ್ಯಾಪಾರಿ ಪೆಲೆಗ್ ಕೈ ಚಾಚಿದ. ವರ್ಷಕ್ಕೊಮ್ಮೆ ಊರಿನ ಗುಲಾಮರೆಲ್ಲ ಸೇರಿ ತಮಗೊಬ್ಬ ಗವರ್ನರನನ್ನು ಆರಿಸುವ ದಿನ ಅದು. ಗೆದ್ದವನಿಗೆ ಅವನ ಧಣಿಯೇ ಮೆರವಣಿಗೆಗೆ ತನ್ನ ಕೋಟು, ಕುದುರೆ ಕೊಡಬೇಕು. ಈ ಸಲ ಗೆದ್ದವನು ಪೆಲೆಗ್‌ನ ಗುಲಾಮ ಕ್ವಾಕೊ.

ಕ್ವಾಕೊ ಅವಸರವಿಲ್ಲದೆ ಒಂದೊಂದೇ ಗುಂಡಿ ಬಿಚ್ಚಿದ. "ಮಧ್ಯಾಹ್ನ ಊಟಕ್ಕೆ ಕೂತಾಗ ಬೈತಿದ್ರಲ್ಲ ಧಣಿ, ನಮ್ಮನ್ನ ಕೇಳ್ದೇನೇ ಲಂಡನ್ ರಾಜ ಗವರ್ನರ್‌ನ ಕಳಿಸ್ತಾನೆ, ನಾವೇನು ಅವನ ಗುಲಾಮ್ರಾ ಅಂತ?"

"ಹೌದು. ಏನೀಗ?"

"ಏನಿಲ್ಲ. ನನ್ನನ್ನ ನಮ್ಮ ಜನಾನೇ ಆರಿಸಿದ್ರು."

ಪೆಲೆಗ್ ಕೋಟು ಕಿತ್ತುಕೊಂಡು ತೊಟ್ಟ. ಹೆಗಲು ಎರಡೂ ಕಡೆ ಜೋತುಬಿತ್ತು. ಬೆಳಗ್ಗೆ ತನ್ನ ಗಂಡ ಕ್ವಾಕೊನ ಅಳತೆಗೆ ಹೊಲಿಗೆ ಬಿಚ್ಚಿ ಅದನ್ನು ಅಗಲ ಮಾಡಿದ್ದ ವಯೊಲೆಟ್ ಬಾಗಿಲಲ್ಲೇ ನಗು ತಡೆದುಕೊಂಡಳು.

"ನಾಳೆಯೊಳಗೆ ಮೊದಲಿನ ಹಾಗೆ ಹೊಲಿದಿಡು," ಎಂದು ಪೆಲೆಗ್ ಅವಳಿಗೆ ಹೇಳಿದ.

"ಹೊಲೀತೀನಿ ಧಣಿ. ಗವರ್ನರ್ ಅಪ್ಪಣೆ ಆಗ್ಲಿ."

ಬರೀ ಅಂಗಿಯಲ್ಲಿ ನಿಂತಿದ್ದ ಕ್ವಾಕೊ ಗಲ್ಲ ಕೆರೆದುಕೊಳ್ಳುತ್ತ ಗಂಭೀರವಾಗಿ ಯೋಚಿಸಿದ. "ಹಾಗೇ ಇರ್ಲಿ ಬಿಡೇ. ಬರೋ ವರ್ಷ ಮತ್ತೆ ಬಿಚ್ಚೋ ಕೆಲಸ ಯಾಕೆ."