ಕುಂಬಾರಗಿತ್ತಿಯ ಮಗಳು

“ಅಜ್ಜಿ, ನೀನೇ ಪಂಚಾಯ್ತಿ ಮಾಡು. ಇಕಿ ನನ್ನ ಮಾತ ಕೇಳವಲ್ಲಳು,” ಎನ್ನುತ್ತ ಉತ್ಕರ್ಷ ದಪ್ಪನೆಯ ಇಂಗ್ಲಿಷ್ ಕಥೆಪುಸ್ತಕ ಹಿಡಿದು ಅಡುಗೆಮನೆಗೆ ನುಗ್ಗಿದ. ದೀಪಾವಳಿ ಸೂಟಿಗೆಂದು ವಾಳೂಜಿನಿಂದ ನಾಶಿಕದ ಅಜ್ಜಿಮನೆಗೆ ಬಂದಿದ್ದ. ಅವನ ಬೆನ್ನಿಗೇ ಆ ಮನೆಯಲ್ಲೇ ಬೆಳೆದ ಮಾವನ ಮಗಳು ಮಾನ್ಯಾ. ಶೇಂಗಾ ಸುಲಿಯುತ್ತಿದ್ದ ರುಕ್ಮಿಣಿಬಾಯಿಗೆ ಹಿಗ್ಗಾಯಿತು. ಮೊಮ್ಮಕ್ಕಳು ತನ್ನನ್ನು ಕೇಳಲು ಬಂದರಲ್ಲ, ಅದೇ ದೊಡ್ಡದು.

“ಕೇಳು,” ಎಂದ ಉತ್ಕರ್ಷ. “ಒಂದು ರಾಜ್ಯ ಅದ. ಅಲ್ಲಿ ರಾಜನ ವಂಶದವರಿಗಷ್ಟೇ ಬೆಂಕಿ ಜಾದೂ ಬರ್ತದ. ಆದ್ರ ಕುಂಬಾರಗಿತ್ತಿ ಸಾಕಿದ ಒಬ್ಬ ಹುಡುಗಿ ಅಂಗೈಯಾಗಿಂದ ಬೆಂಕಿ ತೆಗೀತಾಳ. ಮುಂದಿನ ಪುಸ್ತಕ ಇನ್ನೂ ಬಂದಿಲ್ಲ. ನೆಟ್‌ನ್ಯಾಗ ಎಲ್ಲಾರ ಥಿಯರಿ ಒಂದೇ, ಈ ಹುಡುಗಿ ಕಳೆದುಹೋದ ರಾಜಕುಮಾರಿ. ರಾಣಿ ಎಡಚಿ, ಇಕಿನೂ ಎಡಚಿ. ಖಲಾಸ್.”

“ನಮ್ಮ ಗಣಿತದ ಸರ್ ಭೀ ಎಡಚರು. ಅವರೂ ರಾಜರೇನು?” ಎಂದಳು ಮಾನ್ಯಾ. “ಅಕಿ ಅವ್ವ ಕುಂಬಾರಗಿತ್ತಿ, ದಿನಾ ಭಟ್ಟಿ ಹಚ್ಚತಾಳ. ಕೂಸಿದ್ದಾಗಿಂದ ಅಕಿ ಬಾಜೂಕ ಕೂತು ನೋಡ್ಯಾಳ. ಬೆಂಕಿ ಅಲ್ಲಿಂದ ಬಂತು.”

“ಸಾಕಿದಾಕಿಯಿಂದ ಜಾದೂ ಬರ್ತದೇನು? ವೇಡಿ, ಹುಚ್ಚಿ ಅದಿ ನೀ. ಅಜ್ಜಿ, ಹೇಳು.”

ರುಕ್ಮಿಣಿಬಾಯಿ ಗಾದೆಗೆ ತಡಕಾಡಿದವಳೇ ಅಲ್ಲ. “ಅದ್ರಾಗ ಕೇಳೂದೇನದ? ನೂಲಿನಂಗ ಸೀರಿ, ತಾಯಿಯಂಗ ಮಗಳು. ಸಾಕಿದ್ರ ಹೊಟ್ಟಿ ತುಂಬತದ, ರಕ್ತ ಬದಲಾಗತದೇನು? ರಾಜನ ಮಗಳೇ ಅಕಿ.”

ಗೆದ್ದೆನೆಂದು ಕೈ ಎತ್ತಿದ ಉತ್ಕರ್ಷ ಅದನ್ನು ಅರ್ಧಕ್ಕೇ ಇಳಿಸಿದ. ಮಾನ್ಯಾ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

“ಹಾಂ. ಅಜ್ಜಿ ಅಂದಮ್ಯಾಗ ಮುಗೀತು,” ಎಂದಳು.

ಆಗ ತಿಳಿಯಿತು ರುಕ್ಮಿಣಿಬಾಯಿಗೆ, ತನ್ನ ಬಾಯಿಂದ ಏನು ಬಿತ್ತೆಂದು. ಎಂಟು ತಿಂಗಳ ಮಾನ್ಯಾಳನ್ನು ಅನಾಥಾಶ್ರಮದಿಂದ ಸೆರಗಿನಲ್ಲಿ ಸುತ್ತಿಕೊಂಡು ಬಂದವಳು ತಾನೇ. ಅದು ಹುಡುಗಿಗೂ ಗೊತ್ತು, ಯಾರೂ ಮುಚ್ಚಿಟ್ಟಿರಲಿಲ್ಲ. ‘ಯಾರ ರಕ್ತವೋ ಏನೋ’ ಎಂದು ಮೂಗು ಮುರಿದ ಭಾಲ್ಕಿಯ ಬಳಗದ ಬಾಯಿ ಮುಚ್ಚಿಸಿ, ಕೂಸಿನ ಕೊರಳಿಗೆ ಲಿಂಗ ಕಟ್ಟಿಸಿದವಳೂ ತಾನೇ. ಅಂದು ಅವರಾಡಿದ ಮಾತು ಇಷ್ಟು ವರ್ಷ ತನ್ನ ನಾಲಿಗೆಯ ಅಡಿಯಲ್ಲೇ ಕೂತಿತ್ತೇ?

“ಅದು ಬರೇ ಕಥಿ ಮಾತು ನನ್ನವ್ವ. ಮುದುಕಿಗೇನು ತಿಳೀತದ?”

“ನಾನೂ ಕಥಿ ಮಾತೇ ಆಡಿದೆ, ಅಜ್ಜಿ,” ಎಂದು ಮಾನ್ಯಾ ನಕ್ಕಳು. ಅತ್ತಿದ್ದರೆ ಎದೆಗೊತ್ತಿಕೊಳ್ಳಬಹುದಿತ್ತು. ನಕ್ಕವಳನ್ನು ಏನು ಮಾಡುವುದು? ರುಕ್ಮಿಣಿಬಾಯಿ ತಲೆ ತಗ್ಗಿಸಿ, ಸುಲಿದ ಕಾಳಿನಲ್ಲೇ ಮತ್ತೆ ಮತ್ತೆ ಕೈಯಾಡಿಸುತ್ತ ಕೂತಳು.

ಸಂಜೆ ಚಹಾದ ಹೊತ್ತಿಗೆ ಉತ್ಕರ್ಷ ಚಕ್ಕುಲಿ ಡಬ್ಬಿಗೆ ಕೈ ಹಾಕಿ, ಸಿಕ್ಕಷ್ಟು ಎತ್ತಿಕೊಂಡು ಓಡಿದ. ಆ ಮನೆಯಲ್ಲಿ ಮಕ್ಕಳು ಯಾರನ್ನೂ ಕೇಳಿ ತಿಂದವರಲ್ಲ. ಮಾನ್ಯಾಳಂತೂ ಅಜ್ಜಿಯ ತಟ್ಟೆಯಿಂದಲೇ ಕಸಿದು ತಿನ್ನುವವಳು.

ಅವಳು ಬಂದು ಡಬ್ಬಿಯ ಮುಂದೆ ನಿಂತಳು. ಮುಚ್ಚಳ ತೆರೆದೇ ಇತ್ತು.

“ಅಜ್ಜಿ, ನಾ ಒಂದು ತಗೋಬಹುದೇನು?”