ಕಾಫಿ ಊರಿನಲ್ಲಿ ತುಂಬಿದ ಉಡಿ

ಮಲ್ಲಿಗೆಯ ಘಮ ಬಂದರೆ ನನಗೆ ಇವತ್ತಿಗೂ ಕಾಫಿ ತೋಟ ನೆನಪಾಗುತ್ತದೆ.

ಅಕ್ಕನನ್ನು ನೇಸರಗಿಯಿಂದ ಕಾಫಿ ಬೆಳೆಯುವ ಗುಡ್ಡದ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವ್ವ ಮತ್ತು ನಾನು ಅವಳನ್ನು ನೋಡಲು ಹೋದ ದಿನ ಗಿಡಗಳೆಲ್ಲ ಬೆಳ್ಳಗೆ ಹೂ ಬಿಟ್ಟಿದ್ದವು. ಥೇಟ್ ಮಲ್ಲಿಗೆಯದೇ ವಾಸನೆ.

ಅಕ್ಕ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು. ರವಿಕೆಯ ತೋಳು ಸರಿಸಿ ಬಾಸುಂಡೆ ತೋರಿಸಿದಳು. “ಯವ್ವಾ, ನನ್ನ ಕರಕೊಂಡ ಹೋಗು.”

ಅವ್ವ ತೋಟದ ಕಡೆ ತಿರುಗಿದಳು. “ಹೂವು ಎಷ್ಟ ಚಂದ ಬಿಟ್ಟಾವ ನೋಡು,” ಎಂದಳು. ಆಮೇಲೆ, ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಉಡಿಯನ್ನು ಅಲ್ಲಿಯೇ ತುಂಬಿದಳು.

ಅಕ್ಕ ಸೆರಗೊಡ್ಡಿ ಅಕ್ಕಿ, ಕೊಬ್ಬರಿ ಇಸಕೊಂಡಳು. ಚೀಲವನ್ನು ಒಳಗಿಟ್ಟು ಬಂದು, “ಕಾಫಿ ಕುಡದ ಹೋಗ್ರಿ,” ಎಂದಳು, ಬೀಗರಿಗೆ ಹೇಳುವ ಹಾಗೆ.